ನವಸಾಗರದ ಸದ್ದು

“ಇವಳಿಗೆ ಪ್ರಯೋಗ ಬೇಡ. ಪಾಸ್ ಮಾರ್ಕ್ಸ್ ಹಾಕ್ತೀನಿ, ಪಾಪ, ಕೂತ್ಕೊಳ್ಳಲಿ,” ಎಂದರು ಪರೀಕ್ಷಕರು.

ಪ್ರಯೋಗಶಾಲೆಯ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಅಪ್ಪನಿಗೆ ಮೈಯೆಲ್ಲ ಉರಿಯಿತು. ಕಣ್ಣು ಕಾಣದ ಮಗಳು ಹುಟ್ಟಿದಾಗಿನಿಂದ ಇಂಥ ಕರುಣೆಯನ್ನು ಅವನು ಅಜೀರ್ಣವಾಗುವಷ್ಟು ಉಂಡಿದ್ದ.

“ಬೇಡ ಸರ್, ಮಾಡ್ತೀನಿ,” ಎಂದಳು ಮಗಳು.

“ಬಲ್ಬು ಉರಿದ್ರೆ ಅಯಾನಿಕ್ ಬಂಧ, ಉರೀದಿದ್ರೆ ಕೋವೇಲೆಂಟ್. ನಿನಗೆ ಬಲ್ಬು ಹೇಗಮ್ಮಾ ಕಾಣುತ್ತೆ?”

“ಬಲ್ಬು ತೆಗೆದು ನಮ್ಮಪ್ಪ ಬಜರ್ ಹಾಕಿಕೊಟ್ಟಿದ್ದಾರೆ ಸರ್. ರೇಡಿಯೋ ರಿಪೇರಿ ಮಾಡ್ತಾರೆ. ನಮ್ಮ ಮೇಡಂ ಒಪ್ಪಿದ್ದಾರೆ.”

ಮೂರು ಬೀಕರು, ಮೂರು ಬಿಳಿ ಪುಡಿ. ನೀರಿನಲ್ಲಿ ಕರಗಿದ ಮೇಲೆ ಕಣ್ಣಿದ್ದವರಿಗೂ ಗುರುತು ಸಿಗದು. ಮೊದಲನೆಯದರಲ್ಲಿ ತಂತಿಗಳನ್ನು ಅದ್ದಿದಾಗ ಬಜರ್ ತುಟಿಪಿಟಕ್ ಎನ್ನಲಿಲ್ಲ. ಬೆಸುಗೆ ಬಿಟ್ಟುಹೋಯಿತೇನೋ ಎಂದು ಅಪ್ಪ ಬಾಗಿಲತ್ತ ಕಿವಿ ಚಾಚಿದ.

“ಕೋವೇಲೆಂಟ್ ಸರ್. ಪರಮಾಣುಗಳು ಎಲೆಕ್ಟ್ರಾನ್ ಹಂಚ್ಕೊಂಡು ಒಟ್ಟಿಗಿವೆ. ಕರೆಂಟ್ ಹೊರೋರು ಯಾರೂ ಇಲ್ಲ.”

ಎರಡನೆಯದಕ್ಕೆ ಬಜರ್ ಗುಯ್ ಎಂದಿತು. ಮೂರನೆಯದಕ್ಕೂ ಗುಯ್. ಎರಡೂ ಅಯಾನಿಕ್ ಎಂದಳು. ಪರೀಕ್ಷಕರು ಕುರ್ಚಿ ಮುಂದಕ್ಕೆಳೆದುಕೊಂಡ ಸದ್ದು ಕೇಳಿಸಿತು.

“ಮೂರನೇದು ನವಸಾಗರ, ಅಂದ್ರೆ ಅಮೋನಿಯಂ ಕ್ಲೋರೈಡ್. ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್. ಒಂದೂ ಲೋಹ ಅಲ್ಲ. ಅಲೋಹಗಳು ಹಂಚ್ಕೊಂಡು ಬಾಳ್ತವೆ ಅಂತ ತಾನೇ ಓದಿದ್ದು? ಮತ್ಯಾಕೆ ಸದ್ದು ಬಂತು?”

ನವಸಾಗರ! ಬೆಸುಗೆ ಕಡ್ಡಿಯ ಕೊಳೆ ತೆಗೆಯಲು ಅಪ್ಪ ಇಪ್ಪತ್ತು ವರ್ಷದಿಂದ ಉಜ್ಜುತ್ತಿದ್ದುದು ಅದನ್ನೇ. ಅದರೊಳಗೆ ಇಷ್ಟೊಂದು ಸಂಸಾರವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದುಬಿಡು ತಾಯಿ, ಸಾಕು, ಎಂದು ಮನಸ್ಸಿನಲ್ಲೇ ಬೇಡಿಕೊಂಡ.

“ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್ ತಮ್ಮತಮ್ಮಲ್ಲಿ ಹಂಚ್ಕೊಂಡೇ ಇವೆ ಸರ್,” ಮಗಳು ನಿಧಾನವಾಗಿ ಹೇಳಿದಳು. “ಆದ್ರೆ ಆ ಐದೂ ಸೇರಿದ ಗುಂಪಿಗೆ ಒಂದು ಎಲೆಕ್ಟ್ರಾನ್ ಕಮ್ಮಿ, ಕ್ಲೋರಿನ್ ಹತ್ರ ಒಂದು ಜಾಸ್ತಿ. ಗುಂಪಿನೊಳಗೆ ಹಂಚಿಕೆ, ಗುಂಪಿಗೂ ಕ್ಲೋರಿನ್‌ಗೂ ಮಧ್ಯೆ ಸೆಳೆತ. ನೀರಿಗೆ ಬಿದ್ರೆ ಎರಡೂ ಬೇರೆಯಾಗಿ ಓಡಾಡ್ತವೆ, ಕರೆಂಟ್ ಹೊರ್ತವೆ.”

“ಸರಿ,” ಎಂದರು ಪರೀಕ್ಷಕರು. ಒಂದೇ ಮಾತು. ಅಪ್ಪನಿಗೆ ರಸಾಯನಶಾಸ್ತ್ರ ಅರ್ಧವೂ ತಲೆಗೆ ಹತ್ತಿರಲಿಲ್ಲ, ಆದರೆ ಆ ‘ಸರಿ’ಯಲ್ಲಿ ‘ಪಾಪ’ ಇರಲಿಲ್ಲವೆಂಬುದು ಚೆನ್ನಾಗಿ ಅರ್ಥವಾಯಿತು. ಬೆಂಚಿನ ಮೇಲೆ ತಾನೇ ತಾನಾಗಿ ನೆಟ್ಟಗೆ ಕೂತ.

ಮಗಳು ಗೋಡೆ ಸವರಿಕೊಂಡು ಹೊರಗೆ ಬಂದಳು. ಮುಖ ಕೆಂಪೇರಿತ್ತು.

“ಎಷ್ಟು ಮಾರ್ಕ್ಸ್ ಕೊಟ್ರಂತಮ್ಮಾ?”

“ಯಾರಿಗ್ಗೊತ್ತು!” ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದಳು. “ಬೆಳಗ್ಗಿಂದ ಎಲ್ಲರ ಪರೀಕ್ಷೆ ಕೇಳಿಸ್ಕೊಳ್ತಾ ಕೂತಿದ್ದೆ ಅಪ್ಪ. ಇಷ್ಟು ಜನರಲ್ಲಿ ಅಂಥ ಕಷ್ಟದ ಪ್ರಶ್ನೆ ನನಗೊಬ್ಬಳಿಗೇ ಕೇಳಿದ್ರು!”