ಕೊಸರು ಬಿಸಿಲು

ಸೈಕಲ್ಲನ್ನು ನಾನೇ ಕಲಿಸುತ್ತೇನೆಂದು ಮಗಳು ಇಂಚರಾಗೆ ಅವಳು ಒಂದನೇ ತರಗತಿಯಲ್ಲಿದ್ದಾಗ ಮಾತು ಕೊಟ್ಟಿದ್ದೆ. ಈಗ ಅವಳಿಗೆ ಐದನೇ ತರಗತಿ. ನಾನು ಗಾರ್ಮೆಂಟ್ಸಿನಿಂದ ಬರುವಷ್ಟರಲ್ಲಿ ದಿನಾ ಕತ್ತಲು.

ಅದಕ್ಕೇ ಅಕ್ಕಿ, ಸೋಪು, ಏನು ಕೊಂಡರೂ ದುಡ್ಡು ಕಟ್ಟುವ ಆ್ಯಪ್ ಕೊಸರಾಗಿ ಕೊಡುವ ಒಂದೆರಡು ನಿಮಿಷದ ಬಿಸಿಲನ್ನು ಖರ್ಚು ಮಾಡದೆ ಕೂಡಿಟ್ಟೆ.

“ಎಲ್ರೂ ಅದ್ರಲ್ಲಿ ಬಟ್ಟೆ ಒಣಗಿಸ್ಕೊಳ್ತಾರೆ. ನೀವೇನಕ್ಕಾ, ಸೂರ್ಯನ್ನೇ ಮನೆಗೆ ಒಯ್ತೀರಾ?” ಎಂದು ಅಂಗಡಿಯ ಮಲ್ಲೇಶಿ ಕಿಚಾಯಿಸುತ್ತಿದ್ದ.

ಇವತ್ತು ಕತ್ತಲಾದ ಮೇಲೆ ಅಷ್ಟನ್ನೂ ಒಟ್ಟಿಗೆ ತೆಗೆದೆ. ನಮ್ಮ ಬೀದಿಗೆ ಮಾತ್ರ ಬಿಸಿಲು ಬಿತ್ತು. ಪಕ್ಕದ ಮನೆಯ ಸುಶೀಲಮ್ಮ ಸಂಡಿಗೆ ಮೊರ ಹಿಡಿದು ಓಡಿಬಂದರು.

“ರಸ್ತೇಲಿ ಇಡ್ಬೇಡಿ, ತಾರಸಿಗೆ ಹೋಗಿ. ಇವತ್ತು ಸೈಕಲ್ಲು!” ಎಂದೆ.

ಇಂಚರಾ ಎರಡು ಸಲ ಬಿದ್ದಳು. ಆಮೇಲೆ ಒಬ್ಬಳೇ ಬೀದಿಯ ಕೊನೆಯವರೆಗೂ ಹೋದಳು.

“ಅಮ್ಮಾ, ಬ್ರೇಕ್ ಹೇಳ್ಕೊಡ್ಲೇ ಇಲ್ಲ!”

“ಕಾಲು ಊರೇ!”

ಊರಿ ನಿಂತಳು. ಬಿಸಿಲು ಮುಗಿಯಿತು. ಕೊಟ್ಟ ಮಾತು ನಡೆಸಿಕೊಟ್ಟೆ.