ಪಂದ್ಯದ ದಿನ ಬಂದ ಕರೆ

ಏಪ್ರಿಲ್ ೧೪, ಸಂಜೆ ಏಳು ಗಂಟೆ ನಲವತ್ತು ನಿಮಿಷ. ಕ್ರೀಡಾಂಗಣದ ಎದುರು, ಲಾಡ್ಜುಗಳ ಸಾಲಿನ ನಡುವೆ, ಕ್ರಿಕೆಟ್ ಪಂದ್ಯಾವಳಿಗೆಂದೇ ತೆರೆದಿದ್ದ ಮಹಿಳಾ ಸಹಾಯವಾಣಿ ಕಚೇರಿಗೆ ಒಂದು ಫೋನು ಬಂತು. ಇಂದುಮತಿ ಎತ್ತಿಕೊಂಡಳು.

“ಅಕ್ಕಾ, ಅಡುಗೆ ಕೆಲಸ ಅಂತ ಕರ್ಕೊಂಡು ಬಂದು ಕೂಡಿ ಹಾಕವ್ರೆ. ದಿನಾ ಗಂಡಸರನ್ನ ಕಳಿಸ್ತಾರೆ. ಈಗ ಬಂದಿರೋನು ಸ್ನಾನಕ್ಕೆ ಹೋಗವ್ನೆ. ಅವನ ಫೋನಿದು.”

“ಹೆದರಬೇಡಮ್ಮ. ಎಲ್ಲಿದೀಯ?”

“ಗೊತ್ತಿಲ್ಲ. ಕಿಟಕಿಗೆ ಹಲಗೆ ಹೊಡ್ದವ್ರೆ. ಹೊರಗಿಂದ ಮ್ಯಾಚಿನ ಕೂಗು ಮಾತ್ರ ಕೇಳಿಸ್ತದೆ.”

ಕ್ರೀಡಾಂಗಣದ ಸುತ್ತ ನಲವತ್ತು ಲಾಡ್ಜುಗಳಿದ್ದವು. ಎಲ್ಲವನ್ನೂ ಹುಡುಕಲು ಸಮಯವಿರಲಿಲ್ಲ.

“ಪಕ್ಕದಲ್ಲಿ ಯಾರಾದ್ರೂ ಇರಬಹುದು. ಗೋಡೆ ಬಡಿದು ನೋಡು.”

“ಮೂರು ದಿನದಿಂದ ಬಡೀತಾನೇ ಇವ್ನಿ ಅಕ್ಕಾ. ಆ ಕಡೆಯೋರು ಮಾತಾಡೋದು ಕೇಳಿಸ್ತದೆ, ಯಾರೂ ಬರಲ್ಲ.”

“ಇನ್ನೊಂದು ಸಲ ಬಡಿ ತಾಯಿ.”

ಬಡಿತ ಫೋನಿನಲ್ಲಿ ಕೇಳಿಸಿತು. ಇಂದುಮತಿಯ ಬೆನ್ನ ಹಿಂದೆಯೂ ಕೇಳಿಸಿತು.

“ಪಕ್ಕದ ಲಾಡ್ಜಿನೋರು ಮೊಳೆ ಹೊಡೆಯೋದು ಇನ್ನೂ ಮುಗಿದಿಲ್ವೇನ್ರೀ?” ಎನ್ನುತ್ತ ಎದುರು ಮೇಜಿನ ಸಹೋದ್ಯೋಗಿ ಎಂದಿನಂತೆ ಟೀವಿಯ ಸೌಂಡು ಏರಿಸಿದರು.

ಆ ಗೋಡೆಯ ದಪ್ಪ ಒಂಬತ್ತು ಅಂಗುಲ.