ಆರೋ, ನಾಲ್ಕೋ

ಡೈರೆಕ್ಟರ್ ಹಿಂದಿನಿಂದ ಮೂರು ಸಲ ಕರೆದರೂ ಅವಳು ತಿರುಗಲಿಲ್ಲ. ನೋಟಿಸ್ ಬೋರ್ಡಿನಿಂದ ಕಾಗದವನ್ನು ಕಿತ್ತು, ಮಡಿಸಿ, ಜೇಬಿಗೆ ಹಾಕಿಕೊಂಡಳು. ಆಮೇಲೆ ತಿರುಗಿ, ಅವನು ಈಗಷ್ಟೇ ಕಣ್ಣಿಗೆ ಬಿದ್ದವನಂತೆ ಹುಬ್ಬೇರಿಸಿದಳು. ಕೊಬ್ಬು ಅಂದರೆ ಇದು, ಅಂದುಕೊಂಡ ಡೈರೆಕ್ಟರ್. ಅವನು ಬಂದು ಆರು ತಿಂಗಳಾಗಿತ್ತು. ಇವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಅವನು ಕರೆದರೆ ಓಡಿ ಬರುತ್ತಿದ್ದರು.

ಕಾಗದದಲ್ಲಿದ್ದದ್ದು ಇಷ್ಟೇ. ಕಂಪನಿಯ ಹೊಸ ಸ್ಪೋರ್ಟ್ಸ್ ಕಾರಿಗೆ ಆರು ಸಿಲಿಂಡರಿನ ಎಂಜಿನ್ ಬೇಡ, ಟರ್ಬೊ ಕೂರಿಸಿದ ನಾಲ್ಕು ಸಿಲಿಂಡರಿನದು ಸಾಕು. ಆರರ ವಿಭಾಗವನ್ನು ತಿಂಗಳ ಕೊನೆಗೆ ಮುಚ್ಚಲಾಗುವುದು.

ಆ ವಿಭಾಗದ ಮೇಸ್ತ್ರಿ ಅವಳ ಸೋದರಮಾವ. ಆರರ ಎಂಜಿನ್ ಅವನ ಹನ್ನೆರಡು ವರ್ಷದ ಕೂಸು. ಅವಳು ಕಂಪನಿಯ ಟೆಸ್ಟ್ ಡ್ರೈವರ್. ವರ್ಷಗಳ ಹಿಂದೊಮ್ಮೆ ಅಂಗಳದ ಆ ತುದಿಯಲ್ಲಿ ಕಾರೊಂದು ಶುರುವಾದಾಗ, ಈ ತುದಿಯಲ್ಲಿ ಚಹಾ ಕುಡಿಯುತ್ತಿದ್ದವಳು "ಅದರಲ್ಲೊಂದು ಬೋಲ್ಟ್ ಸಡಿಲ ಆಗಿದೆ ನೋಡಿ" ಅಂದಿದ್ದಳು. ಬಿಚ್ಚಿ ನೋಡಿದರೆ ನಿಜ. ಅಂದಿನಿಂದ ಎಲ್ಲರ ಬಾಯಲ್ಲೂ ಅವಳು ಮೊಲಗಿವಿ.

ಡೈರೆಕ್ಟರನ ಕೋಣೆಯಲ್ಲಿ ಮಾವನೂ ಬಂದು ನಿಂತ. ಡೈರೆಕ್ಟರ್ ಕಿಟಕಿಯ ಕಡೆ ಮುಖ ಮಾಡಿ ಪಾಠ ಶುರುಮಾಡಿದ. "ನಾಲ್ಕು ಹಗುರ. ಪೆಟ್ರೋಲ್ ಕಡಿಮೆ ಕುಡಿಯುತ್ತೆ. ನಿಂತಲ್ಲಿಂದ ನೂರು ಮುಟ್ಟೋಕೆ ಆರಕ್ಕಿಂತ ಅರ್ಧ ಸೆಕೆಂಡ್ ಬೇಗ."

"ನನ್ನ ಮುಖ ನೋಡಿ ಹೇಳಿ," ಎಂದಳು. ಎಂಜಿನ್‌ಗಳ ನಡುವೆ ಬೆಳೆದವರೆಲ್ಲರಂತೆ ಅವಳದೂ ದೊಡ್ಡ ಗಂಟಲು.

ಅವನು ತಿರುಗಿ, ಹೇಳಿದ್ದನ್ನೇ ಮೊದಲಿನಿಂದ ಹೇಳಬೇಕಾಯಿತು.

"ನೇರ ರಸ್ತೇಲಿ ಬೇಗ, ಒಪ್ಪಿದೆ. ತಿರುವಲ್ಲಿ? ಕಾಲು ಒತ್ತಿದ್ರೆ ಟರ್ಬೊ ಒಂದು ಗಳಿಗೆ ಯೋಚನೆ ಮಾಡುತ್ತೆ, ಆಮೇಲೆ ಒದೆಯುತ್ತೆ. ಆರು ಹಾಗಲ್ಲ. ಕೇಳಿದಷ್ಟು ಕೊಡುತ್ತೆ, ಕೇಳಿದಾಗಲೇ ಕೊಡುತ್ತೆ."

"ಅದೆಲ್ಲ ಭ್ರಮೆ. ನೀವು ಮಾರುಹೋಗಿರೋದು ಅದರ ಸದ್ದಿಗೆ. ಆ ಸದ್ದನ್ನೇ ರೆಕಾರ್ಡ್ ಮಾಡಿ ನಾಲ್ಕರ ಸ್ಪೀಕರಲ್ಲಿ ಬಿಡ್ತೀವಿ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತೆ."

"ಕಿವಿ ಮುಚ್ಚಿದ್ರೆ?"

ಅವಳು ಮಾವನ ಕಡೆ ನೋಡಿದಳು. ಮಾವ ನೆಲ ನೋಡಿದ.

"ಮುಚ್ಚಿ ನೋಡಿ," ಎಂದಳು.

ಷರತ್ತು ಅಲ್ಲೇ ಗಟ್ಟಿಯಾಯಿತು. ನೋಡಲು ಒಂದೇ ಥರದ ಎರಡು ಕಾರು, ಐದು ಸುತ್ತು; ಕಿವಿ ಮುಚ್ಚಿಕೊಂಡು ಓಡಿಸಿ ಪ್ರತಿ ಸಲ ಆರೋ ನಾಲ್ಕೋ ಹೇಳಬೇಕು. ಬಾನೆಟ್ಟಿಗೆ ಸೀಲ್, ಮೀಟರಿಗೆ ಬಟ್ಟೆ, ತೂಕ ಸರಿಹೋಗಲು ನಾಲ್ಕರ ಬಾನೆಟ್ಟಿನೊಳಗೆ ಮರಳಿನ ಚೀಲ. ಯಾವ ಸುತ್ತಿಗೆ ಯಾವ ಕಾರು ಎಂಬುದು ಡೈರೆಕ್ಟರನ ಜೇಬಿನ ಚೀಟಿಯಲ್ಲಿ. ಒಂದು ಸಲ ತಪ್ಪಿದರೂ ಆರರ ವಿಭಾಗಕ್ಕೆ ಬೀಗ. ಐದೂ ಸರಿಯಾದರೆ ನೋಟಿಸ್ ವಾಪಸ್. ಮೊಲದ ಕಿವಿ ಕಿತ್ತುಕೊಂಡ ಮೇಲೆ ಮೊಲದಲ್ಲಿ ಉಳಿಯುವುದೇನು ಎಂಬುದು ಅವನ ಲೆಕ್ಕಾಚಾರ.

ಮಾವ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಹೊರಗೆ ಹೋದ. ಅವನ ಭುಜಗಳು ಅದುರುತ್ತಿದ್ದವು. ಪಾಪ, ಮುದುಕ ಅಳುತ್ತಿದ್ದಾನೆ, ಅಂದುಕೊಂಡ ಡೈರೆಕ್ಟರ್.

"ಅಂದಹಾಗೆ," ಎಂದ, ಗೆದ್ದವನ ಉದಾರತೆಯಲ್ಲಿ, "ಇಂಥ ಕಿವಿ ಇಟ್ಕೊಂಡು ನಿಮ್ಮ ವರದಿಗಳಲ್ಲಿ 'ಸದ್ದು' ಅನ್ನೋ ಕಾಲಂ ಎರಡು ವರ್ಷದಿಂದ ಖಾಲಿ ಬಿಟ್ಟಿದ್ದೀರಲ್ಲ, ಯಾಕೆ?"

"ಬರೆಯೋಕೆ ಏನೂ ಇರಲಿಲ್ಲ."

ಮರುದಿನ ಬೆಳಿಗ್ಗೆ ಟ್ರ್ಯಾಕಿನ ಬಳಿ ಡೈರೆಕ್ಟರ್ ತಾನೇ ಅವಳ ಕಿವಿಗೆ ಹತ್ತಿ ತುರುಕಿದ. ಮೇಲೆ ಮೇಣ ಒತ್ತಿದ. ಅದರ ಮೇಲೆ ದಪ್ಪ ಕಿವಿಗವಸು. ಬೆನ್ನ ಹಿಂದೆ ನಿಂತು, "ನಿಮ್ಮ ಮಾವನ ಕೆಲಸ ಹೋಯ್ತು!" ಎಂದು ಕಿರುಚಿದ. ಅವಳ ಕತ್ತೂ ಅಲುಗಲಿಲ್ಲ. ತೃಪ್ತಿಯಾಯಿತು.

ಮಾವನನ್ನು ಆಫೀಸಿನೊಳಗೆ ಕೂಡಿಹಾಕಿದ್ದ. ಅದಕ್ಕೂ ಕಾರಣವಿತ್ತು. ಎಂಜಿನ್ ಪರೀಕ್ಷಿಸುವ ಕೋಣೆಯಲ್ಲಿ ಮಾತು ಕೇಳಿಸದು, ಅಲ್ಲಿ ದುಡಿಯುವವರದು ಕೈಸನ್ನೆಯ ಭಾಷೆ. ಈ ಮಾವ ಮತ್ತು ಸೊಸೆ ಊಟದ ಹೊತ್ತಿನಲ್ಲೂ ಹಾಗೆಯೇ ಹರಟುವುದನ್ನು ಅವನು ನೋಡಿದ್ದ. ದೂರದಿಂದ ಬೆರಳೆತ್ತಿ ಸುಳಿವು ಕೊಟ್ಟರೆ? ಅವನೇನು ಕಿವಿಯಲ್ಲಿ ಹೂವಿಟ್ಟುಕೊಂಡು ಬಂದವನಲ್ಲ.

ಅವಳು ಬೂಟು ಕಳಚಿ ಬರಿಗಾಲಲ್ಲಿ ಕುಳಿತಳು. ಹಸಿರು ಬಾವುಟ ಬೀಸಿದರು.

ಮೊದಲ ಸುತ್ತು ಮುಗಿಸಿ ಬಂದು ವರದಿಯ ಕಾಗದದಲ್ಲಿ ಬರೆದಳು: ಆರು. ಎರಡನೆಯದು: ನಾಲ್ಕು. ಮೂರನೆಯದು ಮತ್ತೆ ನಾಲ್ಕು. ಡೈರೆಕ್ಟರ್ ಜೇಬಿನೊಳಗೆ ಕೈ ಹಾಕಿ ಚೀಟಿಯನ್ನು ಮುಟ್ಟಿಕೊಂಡ. ಅದೃಷ್ಟ, ಅಂದುಕೊಂಡ. ನಾಲ್ಕನೆಯ ಸುತ್ತಿಗೂ ಬೇಕೆಂದೇ ಅದೇ ಕಾರು ಕೊಟ್ಟಿದ್ದ, ಸತತ ಮೂರನೆಯ ಸಲ. ಯಾರಾದರೂ ಈ ಸಲ ಬದಲಾಗಿರಬೇಕು ಎಂದು ಊಹಿಸುವ ಜಾಗ ಅದು. ಅವಳು ಊಹಿಸಲಿಲ್ಲ. ಸೀಟಿಗೆ ಬೆನ್ನೊತ್ತಿ, ಒಂದು ಅಂಗೈಯನ್ನು ಗೇರಿನ ಮೇಲಿಟ್ಟು ಹೋದವಳು, ಬಂದು ನಾಲ್ಕು ಎಂದೇ ಬರೆದಳು.

ಐದನೆಯ ಸುತ್ತಿನಲ್ಲಿ ಅರ್ಧ ದಾರಿಗೇ ಹಿಂತಿರುಗಿದಳು. ಕಾಗದದಲ್ಲಿ ಬರೆದದ್ದು: ಆರು. ಹಿಂದಿನ ಬಲಗಡೆ ಟೈರಿಗೆ ಗಾಳಿ ಕಡಿಮೆ.

ಗಾಳಿ ನೋಡಿದರು. ಕಡಿಮೆಯೇ ಇತ್ತು.

ಆಫೀಸಿನ ಬಾಗಿಲು ತೆರೆದರು. ಮಾವ ಹೊರಗೆ ಬಂದ. ದೂರದಿಂದಲೇ ಅವಳು ಐದು ಬೆರಳು ಎತ್ತಿ ತೋರಿಸಿದಳು. ಮುದುಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ಈ ಸಲ ನಿಜವಾಗಿಯೂ ಅತ್ತ.

ಡೈರೆಕ್ಟರ್ ತನ್ನ ಚೀಟಿಯನ್ನು ಅವಳ ವರದಿಯ ಪಕ್ಕದಲ್ಲಿಟ್ಟು ಎರಡು ಸಲ ಹೋಲಿಸಿದ. ಕೊಟ್ಟ ಮಾತು ಕೊಟ್ಟದ್ದೇ. ಸಹಿ ಹಾಕಲು ಪೆನ್ನು ತೆಗೆದವನ ಕಣ್ಣು ಕೊನೆಯ ಕಾಲಮ್ಮಿಗೆ ಹೋಯಿತು. ಇವತ್ತು ಅದು ಖಾಲಿ ಇರಲಿಲ್ಲ.

"ಸದ್ದು: ಗೊತ್ತಿಲ್ಲ. ಎರಡು ವರ್ಷದ ಹಿಂದೆಯೇ ನನ್ನ ಎರಡೂ ಕಿವಿ ಪೂರ್ತಿ ಹೋಗಿವೆ. ನಿಮ್ಮ ಹತ್ತಿ ಮೇಜಿನ ಮೇಲಿದೆ, ತೆಗೆದುಕೊಳ್ಳಿ."